ತೋಳಿಗೆ ಕಪ್ಪು ತುಂಬಿಸುವ ಮೊದಲು

ಚಿರಂಜೀವಿಗೆ ಆಶೀರ್ವಾದಗಳು.

ಎಡತೋಳನ್ನು ಭುಜದಿಂದ ಮಣಿಕಟ್ಟಿನವರೆಗೆ ಒಂದಿಷ್ಟೂ ಬಿಡುವಿಲ್ಲದೆ ಕಪ್ಪು ಹಚ್ಚೆಯಿಂದ ತುಂಬಿಸಿಕೊಳ್ಳುವೆನೆಂದು ಬರೆದಿದ್ದೀಯೆ. ಬೇಡವೆನ್ನಲು ನಾನು ಈ ಪತ್ರ ಬರೆಯುತ್ತಿಲ್ಲ. ಮೈ ನಿನ್ನದು, ವಯಸ್ಸೂ ಬಂದಿದೆ. ಹಳೆಯ ಹಚ್ಚೆಗಳ ಕಲಸುಮೇಲೋಗರಕ್ಕಿಂತ ಅಚ್ಚುಕಟ್ಟಾದ ಕಪ್ಪೇ ವಾಸಿ ಎಂಬ ನಿನ್ನ ಮಾತನ್ನು ತೆಗೆದುಹಾಕಲೂ ಆಗದು. ನನ್ನ ಚಿಂತೆಯೆಲ್ಲ ಆ ಕಪ್ಪಿನಡಿ ಮರೆಯಾಗುವ ಚರ್ಮದ್ದು.

ನಿನ್ನ ಮೊಣಕೈಗಿಂತ ತುಸು ಮೇಲೆ, ಹೊರಬದಿಗೆ, ಒಂದು ಕಂದು ಮಚ್ಚೆಯಿದೆ. ಅದರ ಕೆಳಗೆ ಇನ್ನೆರಡು ಚಿಕ್ಕವು. ಮಚ್ಚೆಯ ಒಂದು ಅರ್ಧ ಇನ್ನೊಂದಕ್ಕೆ ಹೊಂದದಿದ್ದರೆ, ಅಂಚು ಸೊಟ್ಟಪಟ್ಟವಾಗಿದ್ದರೆ, ಬಣ್ಣ ಒಂದೇ ಸಮನಾಗಿರದಿದ್ದರೆ, ಅಗಲ 6 ಮಿಲಿಮೀಟರ್ ದಾಟಿದರೆ, ಅಥವಾ ಅದು ನೋಡನೋಡುತ್ತ ಬದಲಾಗತೊಡಗಿದರೆ ವೈದ್ಯರು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರನ್ನು ಶಂಕಿಸುತ್ತಾರೆ. ಇವೆಲ್ಲ ಕಣ್ಣಿಗೆ ಕಾಣಬೇಕಾದ ಗುರುತುಗಳು. ದಟ್ಟ ಕಪ್ಪಿನಡಿ ಇವುಗಳನ್ನು ಗುರುತಿಸುವುದು ವೈದ್ಯರಿಗೂ ಕಷ್ಟ. ಆ ಕಾಯಿಲೆ ಎಲ್ಲರಿಗೂ ಬರುವಂಥದ್ದಲ್ಲವಾದರೂ, ಬೇಗ ಪತ್ತೆಯಾದರೆ ಗುಣವಾಗುವ ಸಂಭವ ಬಹಳ ಹೆಚ್ಚು. ಆದ್ದರಿಂದ ಚರ್ಮರೋಗ ತಜ್ಞರಿಗೆ ಇಡೀ ತೋಳನ್ನು ತೋರಿಸಿ, ಪ್ರತಿ ಮಚ್ಚೆಯ ಪಕ್ಕ ಅಳತೆಪಟ್ಟಿಯಿಟ್ಟು ಚಿತ್ರ ತೆಗೆಸಿಕೋ. ಮಚ್ಚೆಗಳನ್ನೂ ಅವುಗಳ ಸುತ್ತಲಿನ ಒಂದಿಷ್ಟು ಚರ್ಮವನ್ನೂ ಮುಟ್ಟಬಾರದೆಂದು ಕಲಾವಿದನಿಗೆ ಮೊದಲೇ ಹೇಳು. ಕಪ್ಪಿನ ನಡುವೆ ಉಳಿಯುವ ಆ ಬಿಡುವು ನಿನಗೆ ಕುಂದೆನಿಸಬಹುದು. ಆ ಕುಂದು ಇರಲಿ.

ಅದೇ ಭೇಟಿಯಲ್ಲಿ, ಕಿವಿ ಚುಚ್ಚಿಸಿಕೊಂಡಾಗ ಹಾಲೆಯ ಹಿಂದೆ ಎದ್ದ ಗಂಟನ್ನೂ ತೋರಿಸು. ಅದು ಕೀಲಾಯ್ಡ್, ಅಂದರೆ ಗಾಯ ಮಾಯುವಾಗ ಅತಿಯಾಗಿ ಬೆಳೆದ ಕಲೆ, ಆಗಿದ್ದರೆ, ಸೂಜಿ ಆಡಿದಲ್ಲೆಲ್ಲ ಅಂಥ ಗಂಟು ಬೆಳೆಯುವ ಅಪಾಯವಿದೆ. ವೈದ್ಯರು ಹಾಗೆಂದರೆ ಈ ಯೋಜನೆಯನ್ನು ಅಲ್ಲಿಗೇ ಕೈಬಿಡು. ಇದೊಂದರಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ.

‘ಬೇಡವಾದರೆ ಅಳಿಸಲು ಲೇಸರ್ ಇದೆಯಲ್ಲ’ ಎಂಬ ನಿನ್ನ ಸಾಲು ನನಗೆ ಹಿಡಿಸಲಿಲ್ಲ. ಸೂಜಿಯು ಶಾಯಿಯನ್ನು ಒಂದರಿಂದ ಎರಡು ಮಿಲಿಮೀಟರ್ ಆಳದ ಒಳಚರ್ಮಕ್ಕೆ ಇಳಿಸುತ್ತದೆ. ಅಲ್ಲಿ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು ಅದನ್ನು ನುಂಗುತ್ತವೆಯೇ ಹೊರತು ಅರಗಿಸಿಕೊಳ್ಳಲಾರವು, ಅವು ಸತ್ತಾಗ ಹೊರಬಿದ್ದ ಕಣಗಳನ್ನು ಹೊಸ ಕೋಶಗಳು ಮತ್ತೆ ನುಂಗುತ್ತವೆ. ಒಂದಷ್ಟು ಶಾಯಿ ಕಂಕುಳಿನ ದುಗ್ಧರಸ ಗ್ರಂಥಿಗಳಿಗೂ (ಲಿಂಫ್ ನೋಡ್) ಸೇರುತ್ತದೆ. ಕಪ್ಪು ಶಾಯಿ ಲೇಸರಿಗೆ ಬೇಗ ಬಗ್ಗುವುದು ನಿಜ. ಆದರೆ ಅದು ಗೆರೆಗಳ ಮಾತು. ಇಡೀ ತೋಳಿನಷ್ಟು ಶಾಯಿ ಲೇಸರಿನ ಬೆಳಕನ್ನು ಹೀರಿ ಕಾದಾಗ ಚರ್ಮ ಸುಟ್ಟು ಬೊಬ್ಬೆ ಏಳಬಹುದು, ಕಲೆ ಉಳಿಯಬಹುದು. ವಾರಗಳ ಅಂತರದಲ್ಲಿ ಹಲವು ಸಲ ಅದೇ ಯಾತನೆ ಪಡಬೇಕು.

ಕಲಾವಿದನನ್ನು ಆರಿಸುವಾಗ ಈಗಷ್ಟೇ ಮುಗಿಸಿದ ತೋಳಿನ ಚಿತ್ರಗಳಿಗೆ ಮರುಳಾಗಬೇಡ, ಆಗ ಎಲ್ಲವೂ ಮಿರಮಿರ ಮಿಂಚುತ್ತವೆ. ವರ್ಷ ಕಳೆದ ಕೆಲಸವನ್ನು ಕೇಳಿ ನೋಡು. ತೇಪೆತೇಪೆಯಾಗಿ ಮಾಸಿದ್ದೂ, ಒಂದೇ ಕಡೆ ಸೂಜಿ ಆಡಿಸಿ ಚರ್ಮ ದಪ್ಪಗಟ್ಟಿದ್ದೂ ಆಗ ತಿಳಿಯುತ್ತದೆ. ಒಂದೇ ಪಟ್ಟಿಗೆ ತೋಳು ಮುಗಿಸುತ್ತೇನೆನ್ನುವವನಿಂದ ದೂರವಿರು. ಮೊದಲು ಅಂಗೈಯಗಲದಷ್ಟು ಮಾಡಿಸಿ, ಅದು ಪೂರ್ತಿ ಮಾಯುವವರೆಗೆ ಕಾದು, ಆಮೇಲೆ ಮುಂದುವರಿ. ಮಾಯುವಾಗ ಈಜು ಬೇಡ, ಬಿಸಿಲೂ ಬೇಡ. ಕೆಂಪು ಹರಡುತ್ತ ಜ್ವರ ಬಂದರೆ ಕಲಾವಿದನನ್ನು ಕೇಳುತ್ತ ಕೂರದೆ ವೈದ್ಯರಲ್ಲಿಗೆ ಹೋಗು.

ತಜ್ಞರು ಏನೆಂದರೆಂಬುದನ್ನು ನನಗೆ ಬರೆದು ತಿಳಿಸು. ಮುಂಗಡ ಹಣ ಕೊಡುವ ಮಾತು ಅದಾದ ಮೇಲಿರಲಿ.

ನಿನ್ನ ದೊಡ್ಡಪ್ಪ