ಆ ಬಟ್ಟೆ ತೆಗೆದೆಯಾ?

ಚಿರಂಜೀವಿ ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಮೂರು ಪುಟ ಬರೆದಿದ್ದೀಯ, ಸಂತೋಷ. ಆದರೆ ಕೊನೆಯಲ್ಲಿ, ಏನೋ ಜಾಣತನ ಮಾಡಿದ ಹಾಗೆ ಒಂದು ಮಾತು ಸೇರಿಸಿದ್ದೀಯಲ್ಲ: ಹಳೇ ಗೀಸರ್ ಗ್ಯಾಸ್ ಕುಡಿಯುತ್ತೆ, ಬಿಸಿ ಹೊರಗೆ ಹೋಗದಿರಲಿ ಅಂತ ಗಾಳಿಕಿಂಡಿಗೆ ಬಟ್ಟೆ ತುರುಕಿದ್ದೇನೆ, ಸ್ನಾನ ಆದಮೇಲೆ ಸ್ವಲ್ಪ ತಲೆ ಭಾರ ಅನ್ನೋದು ಬಿಟ್ಟರೆ ಆರಾಮ ಅಂತ. ಅದನ್ನು ಓದಿ ಕೂತಲ್ಲೇ ಕೂತೆ.

ಫೋನಿನಲ್ಲಿ ತೆಗಿ ಅಂದದ್ದಕ್ಕೆ 'ಆಯ್ತು ದೊಡ್ಡಮ್ಮ' ಅಂದೆ. ಆ 'ಆಯ್ತು' ನನಗೆ ಗೊತ್ತು. ನಮ್ಮಮ್ಮನಿಗೆ ನಾನೂ ಅಂಥದ್ದೇ ಹೇಳುತ್ತಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ಅಜ್ಜಿ ಬಚ್ಚಲಲ್ಲಿ ಬಿದ್ದದ್ದು, ಬಾಗಿಲು ಒಡೆದದ್ದು ನಿನಗೆ ಗೊತ್ತೇ ಇದೆ. ಬಿಪಿ ಇಳಿದಿತ್ತು ಅಂತ ಎಲ್ಲರೂ ಹೇಳುತ್ತಾರೆ, ಇಷ್ಟು ವರ್ಷ ನಾನೂ ಹೂಂಗುಟ್ಟಿದ್ದೇನೆ. ನಿನ್ನಮ್ಮನಿಗೂ ಗೊತ್ತಿಲ್ಲದ್ದು ಇಷ್ಟು: ಅದರ ಹಿಂದಿನ ವಾರ, ಚಳಿಗಾಳಿ ನುಗ್ಗುತ್ತೆ ಅಂತ ಬಚ್ಚಲ ಕಿಂಡಿಗೆ ರಟ್ಟು ಬಡಿದವಳು ನಾನು. ಗೀಸರಿನ ಉರಿ ಹಳದಿಗೆ ತಿರುಗಿದ್ದನ್ನೂ ನೋಡಿದ್ದೆ. ಉರಿ ಹಸನಾಗಿದ್ದರೆ ನೀಲಿ ಇರುತ್ತೆ. ರಿಪೇರಿಯವನನ್ನು ಮುಂದಿನ ತಿಂಗಳು ಕರೆಸೋಣ ಅಂದುಕೊಂಡೆ. ಅಜ್ಜಿ ಎರಡು ದಿನದಿಂದ ತಲೆನೋವು ಅನ್ನುತ್ತಿದ್ದಳು. ಹೊರಗೆ ಜಗಲಿಗೆ ಬಂದು ಕೂತರೆ ಕಡಿಮೆ ಆಗುತ್ತೆ ಅಂತಲೂ ಹೇಳಿದಳು. ಒಳಗೆ ನೋವು, ಹೊರಗೆ ಬಂದರೆ ಹಗುರ. ಅದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಬೇಕಿತ್ತು ನನಗೆ?

ನಿನ್ನ ತಲೆ ಭಾರ ಹೊರಗೆ ಬಂದರೆ ಇಳಿಯುತ್ತದಾ? ಬರೆದಿಲ್ಲ ನೀನು.

ಅಜ್ಜಿ ಬದುಕಿಕೊಂಡಳು, ನಿಜ. ಆಮೇಲೆ ಮಾತಿನ ನಡುವೆ ಪದ ಹುಡುಕುತ್ತಿದ್ದಳಲ್ಲ, ಅದು ವಯಸ್ಸಿನದೋ ಆ ಬೆಳಗಿನದೋ ಅಂತ ನಾನು ಯಾರನ್ನೂ ಕೇಳಲಿಲ್ಲ. ಕೇಳಲು ಧೈರ್ಯ ಇರಲಿಲ್ಲ.

ಗ್ಯಾಸ್ ಸೋರಿದರೆ ಮೂಗಿಗೆ ಬಡಿಯುತ್ತದೆ. ಆ ವಾಸನೆ ಅದರದ್ದಲ್ಲ, ನಮಗೆ ಗೊತ್ತಾಗಲಿ ಅಂತಲೇ ಬೆರೆಸಿರುತ್ತಾರೆ. ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದಂತೆ. ಅಜ್ಜಿ ಬಿದ್ದ ಮೇಲೆ ಓದಿ ತಿಳಿದುಕೊಂಡೆ. ಓದಬೇಕಾದದ್ದು ಮೊದಲು.

ಇನ್ನೊಂದು ಹೇಳುತ್ತೇನೆ, ಭಯಕ್ಕೆ ಬಗ್ಗದಿದ್ದರೂ ಲೆಕ್ಕಕ್ಕೆ ಬಗ್ಗುತ್ತೀಯ ನೀನು. ಸಿಲಿಂಡರಿನ ಗ್ಯಾಸ್ ಒಂದು ಪಾಲು ಪೂರ್ತಿ ಉರಿಯಬೇಕಾದರೆ ಸುಮಾರು 25ರಿಂದ 30 ಪಾಲು ಗಾಳಿ ಬೇಕು. ಗಾಳಿ ಸಾಲದಿದ್ದರೆ ಕೊಡಬೇಕಾದ ಶಾಖವನ್ನೆಲ್ಲ ಕೊಡದೆ ಅರ್ಧಕ್ಕೇ ವಿಷವಾಗಿ ಹೊರಬೀಳುತ್ತದೆ, ಮಸಿ ಕಟ್ಟುತ್ತದೆ. ಮಸಿ ಕಟ್ಟಿದ ಗೀಸರು ಇನ್ನಷ್ಟು ಗ್ಯಾಸ್ ಬೇಡುತ್ತದೆ. ಆ ಬಟ್ಟೆಯಿಂದ ನಿನಗೆ ಉಳಿತಾಯವೂ ಇಲ್ಲ ಪುಟ್ಟಿ.

ಹಾಗಾದರೆ ಗ್ಯಾಸ್ ಉಳಿಸೋದು ಹೇಗೆ ಅಂತ ಕೇಳುತ್ತೀಯ. ಅದನ್ನು ಹೇಳುವ ಯೋಗ್ಯತೆ ನನಗೆಷ್ಟಿದೆಯೋ. ಬಿಸಿನೀರಿನ ನಲ್ಲಿ ತೊಟ್ಟಿಕ್ಕುತ್ತಾ ನೋಡು. ಸೆಕೆಂಡಿಗೆ ಒಂದೇ ಹನಿಯಾದರೂ ವರ್ಷಕ್ಕೆ ಸಾವಿರಾರು ಲೀಟರು, ಅಷ್ಟನ್ನೂ ಕಾಸಿ ಚರಂಡಿಗೆ ಬಿಟ್ಟ ಹಾಗೆ. ವಾಷರ್ ಬದಲಿಸಿದರೆ ಮುಗಿಯಿತು. ನಿನ್ನದು ಟ್ಯಾಂಕಿರುವ ಗೀಸರ್ ಅಂದೆಯಲ್ಲ, ನೀನು ಮಲಗಿದ್ದಾಗಲೂ ಅದು ತಣಿಯುತ್ತಾ ಮತ್ತೆ ಕಾಯುತ್ತಾ ಇರುತ್ತೆ, ಬರ್ನರ್ ಹೊತ್ತಿಸಲು ಇರುವ ಪುಟ್ಟ ಪೈಲಟ್ ಉರಿಯಂತೂ ಹಗಲಿರುಳು. ಊರಿಗೆ ಹೋಗುವಾಗ ಆರಿಸಿ ಹೋಗು. ಬಂದು ಹಚ್ಚುವಾಗ ಅದರ ಮೈಮೇಲೇ ಬರೆದಿರುವಂತೆ ಹಚ್ಚು, ವಾಸನೆ ಇದ್ದರೆ ಹಚ್ಚಲೇ ಬೇಡ.

ಶಾಖದ ಗುಂಡಿ 70ರಲ್ಲಿದ್ದರೆ 60 ಡಿಗ್ರಿಗೆ ಇಳಿಸಬಹುದು. ಅದಕ್ಕಿಂತ ಕೆಳಗೆ ಬೇಡ, ಟ್ಯಾಂಕಿನ ಉಗುರುಬೆಚ್ಚನೆ ನೀರಲ್ಲಿ ಲೀಜನೆಲ್ಲಾ ಅನ್ನೋ ಕೆಟ್ಟ ಬ್ಯಾಕ್ಟೀರಿಯಾ ಬೆಳೆಯುತ್ತೆ. 60 ಡಿಗ್ರಿ ನೀರೂ ಚರ್ಮ ಸುಡುತ್ತದೆ, ಬೆರೆಸಿಕೊಂಡೇ ಮೈಗೆ ಹಾಕಿಕೋ. ಟ್ಯಾಂಕಿನಿಂದ ಹೊರಡುವ ಬಿಸಿನೀರಿನ ಪೈಪಿಗೆ ಫೋಮ್ ಕವಚ ತೊಡಿಸಿದರೂ ಅಷ್ಟಿಷ್ಟು ಉಳಿಯುತ್ತೆ.

ಟ್ಯಾಂಕಿಗೇ ಹೊದಿಕೆ ಹಾಕುವವರಿದ್ದಾರೆ. ಬರೆಯಲೋ ಬೇಡವೋ ಅಂತ ಯೋಚಿಸಿದೆ, ಯಾಕೆಂದರೆ ಬಟ್ಟೆ ತುರುಕಿದ ಕೈ ನಿನ್ನದು. ಹಾಕಿಸುವುದಾದರೆ ಗೊತ್ತಿದ್ದವರಿಂದಲೇ ಹಾಕಿಸು. ಮೇಲೆ ಹೊಗೆಕೊಳವೆ, ಕೆಳಗೆ ಬರ್ನರಿಗೆ ಗಾಳಿ ಹೋಗುವ ಜಾಗ, ಎರಡನ್ನೂ ಮುಚ್ಚಕೂಡದು. ನೋಡು, ಎಲ್ಲಿ ಸುತ್ತಿದರೂ ಗಾಳಿಯ ಮಾತಿಗೇ ಬರುತ್ತೇನೆ.

ತಳದಲ್ಲಿ ಸುಣ್ಣದಂಥ ಗಸಿ ಕೂತಿದ್ದರೆ ನೀರು ಕಾಯುವುದು ತಡ. ಯಾರನ್ನಾದರೂ ಕರೆಸಿ ಗಸಿ ತೆಗೆಸು, ಬರ್ನರ್ ಶುಚಿ ಮಾಡಿಸು, ಹೊಗೆಕೊಳವೆ ಕಟ್ಟಿದೆಯಾ ನೋಡಿಸು. ಅಲ್ಲಿಯವರೆಗೆ ಗೀಸರ್ ಹಚ್ಚಲೇಬೇಡ. ಒಲೆಯ ಮೇಲೆ ನೀರು ಕಾಸಿಕೋ, ಅಡುಗೆಮನೆ ಕಿಟಕಿ ತೆರೆದಿಟ್ಟು. ಕಾರ್ಬನ್ ಮಾನಾಕ್ಸೈಡ್ ಬಂದರೆ ಕಿರುಚುವ ಸಣ್ಣ ಅಲಾರಂ ಸಿಗುತ್ತದೆ, ಅದೊಂದು ತಂದಿಡು. ದುಡ್ಡು ನಾನು ಕಳಿಸುತ್ತೇನೆ, ಬೇಡ ಅನ್ನಬೇಡ. ತಲೆನೋವಿನ ವಿಷಯ ಡಾಕ್ಟರಿಗೆ ಹೇಳುವಾಗ ಗೀಸರಿನ ವಿಷಯವನ್ನೂ ಹೇಳು. ನಾವು ಹೇಳದೆ ಅವರಿಗೆ ಹೇಗೆ ಹೊಳೆಯಬೇಕು?

ರಟ್ಟಿನ ವಿಷಯ ನಿನ್ನಮ್ಮನಿಗೆ ನಾನೇ ಹೇಳುತ್ತೇನೆ, ನೀನು ಹೇಳಬೇಡ. ಅಜ್ಜಿಗಂತೂ ಹೇಳಲಾಗಲಿಲ್ಲ.

ಆ ಬಟ್ಟೆ ತೆಗೆದು, ಬೆಳಕು ಕಾಣುವ ಖಾಲಿ ಕಿಂಡಿಯ ಫೋಟೋ ಕಳಿಸು. ನಿನ್ನ 'ಆಯ್ತು' ನಂಬುವುದಿಲ್ಲ, ಫೋಟೋ ನಂಬುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ