ಮಳೆಗಾಲದಲ್ಲಿ ಪುಟ್ಟ ಕಾರುಗಳ ಜೋಪಾನ

ಆತ್ಮೀಯ ಸದಸ್ಯರೇ,

ಬಾಲ್ಯದಿಂದ ಕೂಡಿಟ್ಟುಕೊಂಡು ಬಂದ ಲೋಹದ ಆಟಿಕೆ ಕಾರುಗಳಿಗೆ ನಮ್ಮ ಮಂಗಳೂರು, ಉಡುಪಿಯ ಮಳೆಗಾಲದ ತೇವವೇ ದೊಡ್ಡ ಶತ್ರುವಾದ್ದರಿಂದ, ಈ ವಾರವೇ ಪ್ರತಿಯೊಂದನ್ನೂ ಕಪಾಟಿನಿಂದ ಹೊರತೆಗೆದು ಮಗುಚಿ ನೋಡಬೇಕೆಂದು ಎಲ್ಲರಲ್ಲೂ ಕೋರುತ್ತೇನೆ. ಕಾರಿನ ಮೈ ಸತುವಿನ ಮಿಶ್ರಲೋಹದ್ದು. ಅದಕ್ಕೆ ಕಬ್ಬಿಣದ ಹಾಗೆ ತುಕ್ಕು ಹಿಡಿಯುವುದಿಲ್ಲ. ಆದರೆ ಎರಡು ಚಕ್ರಗಳನ್ನು ಜೋಡಿಸುವ ಸಪೂರ ಉಕ್ಕಿನ ಕಡ್ಡಿಯ ತುದಿಯಲ್ಲಿ ಕಂದು ಚುಕ್ಕೆ ಮೂಡಿ, ಕ್ರಮೇಣ ಚಕ್ರ ಸರಾಗವಾಗಿ ತಿರುಗದಂತಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದು ಹನಿಯಷ್ಟೇ ಹತ್ತಿಗೆ ತಾಗಿಸಿ ಅಲ್ಲಿ ಒರೆಸಿದರೆ ಸಾಕು. ಬಣ್ಣಕ್ಕೆ ಎಣ್ಣೆ ತಗಲುವುದು ಬೇಡ.

ಎರಡನೆಯ ಮಹಾಯುದ್ಧಕ್ಕೆ ಮುಂಚಿನ, ಬ್ರಿಟನ್ನಿನ ಡಿಂಕಿ ಬ್ರಾಂಡಿನ ಆಟಿಕೆ ಕಾರುಗಳು ಯಾರಲ್ಲಾದರೂ ಇದ್ದರೆ ಅವುಗಳ ಮೇಲೆ ವಿಶೇಷ ನಿಗಾ ಇರಲಿ. ಸತುವಿನಲ್ಲಿ ಸೀಸದ ಕಲಬೆರಕೆಯಾಗಿದ್ದ ಎರಕಗಳು ತೇವಕ್ಕೆ ಒಳಗಿಂದೊಳಗೇ ಉಬ್ಬಿ, ಬಿರುಕುಬಿಟ್ಟು, ಕೊನೆಗೆ ಪುಡಿಯಾಗುತ್ತವೆ. ಇದಕ್ಕೆ ಮದ್ದಿಲ್ಲ; ಒಣ ಜಾಗದಲ್ಲಿಟ್ಟು ನಿಧಾನಗೊಳಿಸಬಹುದು, ಅಷ್ಟೇ.

ಬಿಚ್ಚದೆ ಇಟ್ಟಿರುವ ಹಾಟ್ ವೀಲ್ಸ್, ಮ್ಯಾಚ್‌ಬಾಕ್ಸ್ ಬ್ರಾಂಡಿನ ಕಾರುಗಳ ಪೊಟ್ಟಣಗಳ ರಟ್ಟು ಬೇಗ ಬಾಗಿ ಬೂಸ್ಟು ಹಿಡಿಯುವುದರಿಂದ, ಅವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ನೆಟ್ಟಗೆ ನಿಲ್ಲಿಸಿ, ಸಮುದ್ರದ ಗಾಳಿ ನೇರವಾಗಿ ಬೀಸುವ ಕಿಟಕಿಯಿಂದ ದೂರವಿಡಿ. ಬಿರುಕು ಕಂಡವರು ಅದರ ಹತ್ತಿರದ ಚಿತ್ರವನ್ನು ಗುಂಪಿಗೆ ಹಾಕಿದರೆ ಎಲ್ಲರೂ ನೋಡಿ ಸಲಹೆ ನೀಡೋಣ.