ಶೋಲಾ ಕಾಡಿನ ನೀಲಿ ಹಕ್ಕಿಯ ಪರವಾಗಿ ಅರಣ್ಯ ಸಚಿವರಿಗೆ

ಮಾನ್ಯ ಅರಣ್ಯ ಸಚಿವರೇ,

ನಮಸ್ಕಾರ. ನಾನು ಮಲ್ಲೇಶ್ವರದವನು. ನಿಮ್ಮ ಅರಣ್ಯ ಭವನ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಆದರೆ ನಾನು ಬರೆಯುತ್ತಿರುವುದು ಬಾಬಾಬುಡನ್‌ಗಿರಿಯ ಒಂದು ಹಕ್ಕಿಯ ಬಗ್ಗೆ.

ಅದರ ಹೆಸರು ನೀಲಗಿರಿ ಶೋಲಾಕಿಲಿ. ಎತ್ತರದ ಬೆಟ್ಟಗಳಲ್ಲಿ ಹುಲ್ಲುಗಾವಲಿನ ನಡುವಿನ ಕಣಿವೆಗಳಲ್ಲಿ ಬೆಳೆಯುವ ಕುಳ್ಳ ಕಾಡಿಗೆ ಶೋಲಾ ಅಂತಾರೆ, ಇದರ ನೆಲೆ ಅದೇ. ಗುಬ್ಬಚ್ಚಿಯಷ್ಟೇ ಗಾತ್ರ. ಬೆನ್ನು, ಎದೆ ಮಾಸಲು ನೀಲಿ, ಪಕ್ಕೆ ಇಟ್ಟಿಗೆ ಬಣ್ಣ. ಕಾಲು ಉದ್ದ. ಇದನ್ನು ನೋಡಬೇಕಂದ್ರೆ ಮರದ ತುದಿ ನೋಡಿ ಪ್ರಯೋಜನವಿಲ್ಲ, ನೆಲ ನೋಡಬೇಕು. ಬೆಳ್ಳಂಬೆಳಗ್ಗೆ ಪೊದೆಯ ಅಂಚಿಗೆ ಬಂದು, ಒದ್ದೆ ತರಗೆಲೆಯ ಮೇಲೆ ನಾಲ್ಕು ಹೆಜ್ಜೆ ಕುಪ್ಪಳಿಸಿ, ಹುಳ ಹೆಕ್ಕಿ, ಬಾಲ ಕುಣಿಸಿ ಮತ್ತೆ ಕತ್ತಲೆಗೆ ನುಗ್ಗುತ್ತದೆ.

ಪಶ್ಚಿಮ ಘಟ್ಟದ ಸಾಲನ್ನು ಕೇರಳದಲ್ಲಿ ಸೀಳುವ ಪಾಲ್ಘಾಟ್ ಕಣಿವೆಯ ಉತ್ತರಕ್ಕಿರುವ ಎತ್ತರದ ಬೆಟ್ಟಗಳಷ್ಟೇ ಇದರ ಮನೆ. ನೀಲಗಿರಿ ಬಿಟ್ಟರೆ ನಮ್ಮ ಬ್ರಹ್ಮಗಿರಿ, ಬಿಳಿಗಿರಿರಂಗನ ಬೆಟ್ಟ, ಬಾಬಾಬುಡನ್‌ಗಿರಿ. ಕಣಿವೆಯ ದಕ್ಷಿಣಕ್ಕೆ ಇದರ ದಾಯಾದಿ ಬಿಳಿಹೊಟ್ಟೆಯ ಶೋಲಾಕಿಲಿ ಇದೆ. ಇನ್ನೂ ಕೆಳಗೆ, ಪಶ್ಚಿಮ ಘಟ್ಟದ ತುದಿಯ ಅಶಂಬು ಬೆಟ್ಟಗಳಲ್ಲಿ ಇನ್ನೊಂದು. ಈ ಅಶಂಬು ಹಕ್ಕಿ ಬೇರೆಯದೇ ಜಾತಿ ಅಂತ ವಾದಿಸಿದ 2017ರ ಸಂಶೋಧನೆಯಲ್ಲಿ ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿರುವ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನ ವಿಜ್ಞಾನಿಗಳ ಪಾಲೂ ಇದೆ. ಒಂದು ಬೆಟ್ಟಸಾಲಿನಿಂದ ಇನ್ನೊಂದಕ್ಕೆ ಹೋಗಿಬರುವುದು ಈ ಹಕ್ಕಿಗಳಿಗೆ ಆಗದ ಮಾತು. ನಡುವಿನ ಬಿಸಿ ಬಯಲು ದಾಟುವುದಿಲ್ಲ. ಹಾಗೆ ದೂರವಾಗಿಯೇ ಲಕ್ಷಾಂತರ ವರ್ಷಗಳಲ್ಲಿ ಬೇರೆ ಬೇರೆ ಜಾತಿಗಳಾದವು.

ನನ್ನ ಆತಂಕ ಇರುವುದೂ ಇಲ್ಲೇ. ಬಾಬಾಬುಡನ್‌ಗಿರಿಯಲ್ಲಿ ಇದು ಹೋದರೆ ನೀಲಗಿರಿಯಿಂದ ಇನ್ನೊಂದು ಹಾರಿ ಬರುವುದಿಲ್ಲ.

ಗೂಡು ಕಟ್ಟುವುದು ಮುಂಗಾರಿಗೆ ಮುಂಚಿನ ತಿಂಗಳುಗಳಲ್ಲಿ. ಮರದ ಪೊಟರೆಯಲ್ಲೋ, ದಿಬ್ಬದ ಬಿರುಕಿನಲ್ಲೋ ಪಾಚಿಯ ಗೂಡು, ಸಾಮಾನ್ಯವಾಗಿ ಎರಡೇ ಮೊಟ್ಟೆ. ಶಾಲೆಗಳಿಗೆ ರಜೆ ಸಿಕ್ಕಿ ಬೆಂಗಳೂರಿನ ಕಾರುಗಳು ಮುಳ್ಳಯ್ಯನಗಿರಿ ಹತ್ತುವುದೂ ಅದೇ ಏಪ್ರಿಲ್, ಮೇನಲ್ಲಿ ಅಲ್ವಾ? ಹೋಗಬೇಡಿ ಅಂತ ಯಾರಿಗೂ ನಾನು ಹೇಳುತ್ತಿಲ್ಲ, ಆ ಬೆಟ್ಟ ಎಲ್ಲರದ್ದೂ. ಆದರೆ ರಸ್ತೆ ಪಕ್ಕದ ದಿಬ್ಬವನ್ನು ಜೆಸಿಬಿ ಕೆರೆದರೆ, ಕಾರು ನಿಲ್ಲಿಸಲು ಪೊದೆ ಸವರಿದರೆ, ಹೋಗುವುದು ಈ ಹಕ್ಕಿಯ ಮನೆಯೇ. ದೂರದಿಂದ ನೋಡಿದವರಿಗೆ ಮರಗಳೆಲ್ಲ ಹಾಗೇ ನಿಂತಿರುತ್ತವೆ, ಕಾಡು ಚೆನ್ನಾಗಿಯೇ ಇದೆ ಅನ್ನಿಸುತ್ತದೆ.

ಆದ್ದರಿಂದ ಕೇಳುತ್ತೇನೆ. ಮಾರ್ಚ್‌ನಿಂದ ಜೂನ್‌ವರೆಗೆ ಶೋಲಾ ಅಂಚಿನಲ್ಲಿ ಪೊದೆ ಕಡಿಯುವುದು, ಮಣ್ಣು ಅಗೆಯುವುದು ನಿಲ್ಲಲಿ. ಪಾರ್ಕಿಂಗ್ ಬೇಕಿದ್ದರೆ ಬೆಟ್ಟದ ಬುಡದಲ್ಲೇ ಮಾಡಿ, ಮೇಲಕ್ಕೆ ಬಸ್ಸು ಬಿಡಿ. ಹುಲ್ಲುಗಾವಲು ಖಾಲಿ ಜಾಗ ಅಂದುಕೊಂಡು ಅಲ್ಲಿ ಸಸಿ ನೆಡುವ ಕೆಲಸವೂ ಬೇಡ, ಶೋಲಾಕ್ಕೆ ಆ ಹುಲ್ಲೂ ಬೇಕು. ನಮ್ಮ ಮೂರೂ ಬೆಟ್ಟಗಳಲ್ಲಿ ಈ ಹಕ್ಕಿಯ ಗಣತಿ ಮಾಡಿಸಿ, ವರದಿಯನ್ನು ಜನರ ಮುಂದಿಡಿ. ಗಣತಿಗೆ ಬೆಟ್ಟ ಹತ್ತಲು ಬೆಂಗಳೂರಿನ ಹಕ್ಕಿಪ್ರಿಯರು ಬೇಕಿದ್ದರೆ ಹೇಳಿ ಕಳಿಸಿ, ನಾನೂ ಬರುತ್ತೇನೆ.

ಇಂತಿ,
ಮಲ್ಲೇಶ್ವರದ ಒಬ್ಬ ನಿವಾಸಿ